ಗರ್ಟ್ರೂಡ್ ಕಾಕ್ಸ್ ಮತ್ತು ಪ್ರಯೋಗ ವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಾಸಿನ ಮಕ್ಕಳು, ಬಸ್ಸಲ್ಲಿ ಸಿಗುವ ಹಳೇ ಸ್ಟೂಡೆಂಟ್ಸು, ಮಣಿಪಾಲದಲ್ಲಿ ಪ್ರಾಜೆಕ್ಟ್ ಮಾಡುವವರು, ಪುತ್ತೂರು ಕಾರ್ಕಳ ಕಡೆಯ ಅಡಿಕೆ ತೋಟದವರು, ಇವರೆಲ್ಲ ಕೇಳುವುದರಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಹಾಕಿದ್ದೇನೆ. ಎಲ್ಲ ಓದ್ಬೇಕು ಅಂತಿಲ್ಲ, ನಿಮ್ಮ ಪ್ರಶ್ನೆ ಎಲ್ಲುಂಟು ನೋಡಿ ಅದನ್ನು ಮಾತ್ರ ಓದಿದ್ರೂ ಆಗ್ತದೆ. ಕಾಕ್ಸ್ ಬಗ್ಗೆ ನಂಗೆ ತುಂಬ ಗೌರವ ಉಂಟು, ಅದು ಉತ್ತರಗಳಲ್ಲಿ ಕಾಣ್ತದೆ, ಕಾಣ್ಲಿ.

## ಶುರುವಿನ ಪ್ರಶ್ನೆಗಳು

ಯಾರಿವ್ರು ಗರ್ಟ್ರೂಡ್ ಕಾಕ್ಸ್? ನಾವು ಹೆಸರೇ ಕೇಳಿಲ್ಲ

ಪೂರ್ತಿ ಹೆಸರು ಗರ್ಟ್ರೂಡ್ ಮೇರಿ ಕಾಕ್ಸ್. 1900ರ ಜನವರಿ 13ಕ್ಕೆ ಅಮೆರಿಕದ ಅಯೋವಾ ರಾಜ್ಯದಲ್ಲಿ ಡೇಟನ್ ಅನ್ನುವ ಊರಲ್ಲಿ ಹುಟ್ಟಿದ್ದು, 1978ರ ಅಕ್ಟೋಬರ್ 17ಕ್ಕೆ ನಾರ್ತ್ ಕ್ಯಾರೊಲಿನಾದ ಡರಮ್‌ನಲ್ಲಿ ತೀರಿಹೋದದ್ದು. ಹೊಲದಲ್ಲಿ, ಆಸ್ಪತ್ರೆಯಲ್ಲಿ, ಫ್ಯಾಕ್ಟರಿಯಲ್ಲಿ ಪ್ರಯೋಗ ಮಾಡುವವರು ಅದನ್ನು ಶುರು ಮಾಡುವ ಮೊದಲೇ ಹೇಗೆ ಪ್ಲಾನ್ ಮಾಡ್ಬೇಕು ಅನ್ನುವುದನ್ನು ಒಂದು ಕೈಗೆ ಸಿಗುವ ವಿದ್ಯೆಯಾಗಿ ಮಾಡಿಕೊಟ್ಟವರಲ್ಲಿ ಇವರ ಹೆಸರು ದೊಡ್ಡದು. ವಿಲಿಯಂ ಕಾಕ್ರನ್ ಅನ್ನುವ ಸ್ಟ್ಯಾಟಿಸ್ಟಿಶಿಯನ್ ಜೊತೆ ಸೇರಿ 1950ರಲ್ಲಿ ಪ್ರಯೋಗ ವಿನ್ಯಾಸದ ಬಗ್ಗೆ ಬರೆದ ಪುಸ್ತಕ ಅಗ್ರಿಕಲ್ಚರ್ ಕಾಲೇಜು ಲೈಬ್ರರಿಗಳಲ್ಲಿ "ಕಾಕ್ರನ್ ಅಂಡ್ ಕಾಕ್ಸ್" ಅಂತಲೇ ಗುರ್ತ, ಪುಸ್ತಕದ ಹೆಸರು ಯಾರೂ ಹೇಳುವುದಿಲ್ಲ. 1949ರಲ್ಲಿ ಇಂಟರ್‌ನ್ಯಾಶನಲ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಆಯ್ಕೆಯಾದ ಮೊದಲ ಹೆಂಗಸು ಇವರೇ, 1956ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಶನ್ ಅಧ್ಯಕ್ಷರೂ ಆದ್ರು.

ಕಾಕ್ಸ್ ರಿಗ್ರೆಶನ್ ಇವರದ್ದೇ ಅಲ್ವಾ ಮೇಡಂ?

ಅಲ್ಲ. ಮೆಡಿಕಲ್ ಕಡೆಯವರು ಹೆಚ್ಚಾಗಿ ಇದನ್ನೇ ಕೇಳ್ತಾರೆ. ಸರ್ವೈವಲ್ ಅನಾಲಿಸಿಸ್‌ನಲ್ಲಿ (ರೋಗಿ ಎಷ್ಟು ಕಾಲ ಬದುಕ್ತಾನೆ ಅನ್ನುವ ಥರದ ಲೆಕ್ಕ) ಬರುವ ಕಾಕ್ಸ್ ಮಾಡೆಲ್ 1972ರದ್ದು, ಅದು ಬ್ರಿಟನ್ನಿನ ಡೇವಿಡ್ ಕಾಕ್ಸ್ ಅವರದ್ದು. ಬಾಕ್ಸ್-ಕಾಕ್ಸ್ ಟ್ರಾನ್ಸ್‌ಫರ್ಮೇಶನ್ ಕೂಡ ಅವರದ್ದೇ, ಜಾರ್ಜ್ ಬಾಕ್ಸ್ ಜೊತೆ 1964ರಲ್ಲಿ ಮಾಡಿದ್ದು. ಗೊಂದಲ ಜಾಸ್ತಿ ಆಗ್ಲಿಕ್ಕೆ ಇನ್ನೊಂದು ಕಾರಣ ಉಂಟು, ಡೇವಿಡ್ ಕಾಕ್ಸ್ ಕೂಡ 1958ರಲ್ಲಿ ಪ್ರಯೋಗಗಳ ಪ್ಲಾನಿಂಗ್ ಬಗ್ಗೆ ಒಂದು ಒಳ್ಳೆ ಪುಸ್ತಕ ಬರೆದಿದ್ದಾರೆ. ಇಬ್ಬರಿಗೂ ಸಂಬಂಧ ಇಲ್ಲ. ರೆಫರೆನ್ಸ್ ಹಾಕುವಾಗ ಇನಿಶಿಯಲ್ ನೋಡಿ ಹಾಕಿ, ಜಿ.ಎಂ. ಅಂತಿದ್ರೆ ಇವರು, ಡಿ.ಆರ್. ಅಂತಿದ್ರೆ ಅವರು.

ಅನಾಥಾಶ್ರಮದಲ್ಲಿ ಕೆಲಸ ಮಾಡ್ತಿದ್ದವರು ಸ್ಟ್ಯಾಟಿಸ್ಟಿಕ್ಸಿಗೆ ಹೇಗೆ ಬಂದ್ರು?

1918ರಲ್ಲಿ ಪೆರಿ ಅನ್ನುವ ಊರಲ್ಲಿ ಹೈಸ್ಕೂಲ್ ಮುಗಿಸಿದಾಗ ಇವರ ಮನಸ್ಸಲ್ಲಿ ಇದ್ದದ್ದು ಚರ್ಚಿನ ಸೇವೆ, ಮೆಥಡಿಸ್ಟ್ ಚರ್ಚಿನಲ್ಲಿ ಡೀಕನೆಸ್ (ಚರ್ಚಿನ ಸೇವಕಿ) ಆಗ್ಬೇಕು ಅಂತ. ಆ ದಾರಿಯಲ್ಲೇ ಮೊಂಟಾನಾದ ಒಂದು ಅನಾಥಾಶ್ರಮದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ರು. ಅಲ್ಲಿ ಸೂಪರಿಂಟೆಂಡೆಂಟ್ ಆಗ್ಬೇಕಾದ್ರೆ ಡಿಗ್ರಿ ಬೇಕು, ಹಾಗಾಗಿ 1925ರಲ್ಲಿ, ಅಂದ್ರೆ 25 ವರ್ಷ ಆದ ಮೇಲೆ, ಏಮ್ಸ್ ಊರಿನ ಅಯೋವಾ ಸ್ಟೇಟ್ ಕಾಲೇಜಿಗೆ ಸೇರಿದ್ದು. ಲೆಕ್ಕ ಸುಲಭ ಅನ್ಸಿತು, ಅದನ್ನೇ ಮೇಜರ್ ಮಾಡಿಕೊಂಡ್ರು. ಖರ್ಚಿಗೆ ಅಂತ ಅಲ್ಲಿಯ ಪ್ರೊಫೆಸರ್ ಜಾರ್ಜ್ ಸ್ನೆಡೆಕರ್ ಅವರ ಹತ್ರ ಲೆಕ್ಕದ ಮಿಶಿನ್ನಲ್ಲಿ ಕೂಡಿ ಗುಣಿಸುವ ಕೆಲಸ ಹಿಡಿದ್ರು, ಆ ಕಾಲದಲ್ಲಿ ಕಂಪ್ಯೂಟರ್ ಅಂದ್ರೆ ಮನುಷ್ಯರೇ ತಾನೆ, ಆ ಕೆಲಸವೇ ಇವರನ್ನು ಹಿಡಿದುಕೊಂಡದ್ದು. 1929ರಲ್ಲಿ ಡಿಗ್ರಿ, 1931ರಲ್ಲಿ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಮಾಸ್ಟರ್ಸ್, ಅಯೋವಾ ಸ್ಟೇಟ್ ಆ ಸಬ್ಜೆಕ್ಟಿನಲ್ಲಿ ಕೊಟ್ಟ ಮೊದಲನೇ ಮಾಸ್ಟರ್ಸ್ ಅದು. ಮದುವೆ ಆಗ್ಲಿಲ್ಲವಾ ಅಂತ ಕೂಡ ಕೆಲವರು ಕೇಳ್ತಾರೆ, ಇಲ್ಲ, ಆಗ್ಲಿಲ್ಲ.

ಪಿಎಚ್‌ಡಿ ಇಲ್ದೆ ಪ್ರೊಫೆಸರ್ ಆದ್ರಂತೆ, ಹೌದಾ?

ಹೌದು. 1931ರಲ್ಲಿ ಪಿಎಚ್‌ಡಿಗೆ ಅಂತ ಬರ್ಕ್ಲಿಗೆ ಹೋದದ್ದು ನಿಜ, ಸೈಕಾಲಜಿಯ ಸ್ಟ್ಯಾಟಿಸ್ಟಿಕ್ಸ್ ವಿಷಯ. ಎರಡು ವರ್ಷ ಆಗುವಾಗ ಸ್ನೆಡೆಕರ್ ಏಮ್ಸ್‌ನಲ್ಲಿ ಹೊಸ ಸ್ಟ್ಯಾಟಿಸ್ಟಿಕಲ್ ಲ್ಯಾಬೊರೇಟರಿ ಶುರು ಮಾಡಿ ವಾಪಸ್ ಬಾ ಅಂತ ಕರೆದ್ರು, ಇವರು ಅಲ್ಲಿಯದನ್ನು ಅರ್ಧಕ್ಕೆ ಬಿಟ್ಟು 1933ರಲ್ಲಿ ಬಂದೇ ಬಿಟ್ರು. ಮುಂದಿನ ವರ್ಷವೇ ಪ್ರಯೋಗ ವಿನ್ಯಾಸದ ಕೋರ್ಸು ಶುರು. ಡಾಕ್ಟರೇಟ್ ಕಡೆಗೂ ಸಿಕ್ಕಿತು, 1958ರಲ್ಲಿ ಅಯೋವಾ ಸ್ಟೇಟ್ ಕೊಟ್ಟ ಗೌರವ ಡಾಕ್ಟರೇಟ್. ಅಷ್ಟರಲ್ಲಿ ಇವರ ಕೈಕೆಳಗೆ ಪಿಎಚ್‌ಡಿ ಮಾಡಿಸುವ ವಿಭಾಗಗಳೇ ನಡೀತಿದ್ದವು.

ಲಿಸ್ಟಿನ ಕೆಳಗೆ ಅಡಿಟಿಪ್ಪಣಿಯಲ್ಲಿ ಹೆಸರು ಬರೆದು ಕೆಲಸ ಸಿಕ್ಕಿದ ಕತೆ ನಿಜವಾ, ಯಾರೋ ಕಟ್ಟಿದ್ದಾ?

ನಿಜ. 1940ರಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ಕಾಲೇಜಿನವರು ಹೊಸ ಎಕ್ಸ್‌ಪೆರಿಮೆಂಟಲ್ ಸ್ಟ್ಯಾಟಿಸ್ಟಿಕ್ಸ್ ವಿಭಾಗಕ್ಕೆ ಮುಖ್ಯಸ್ಥರು ಬೇಕು, ಯಾರಿದ್ದಾರೆ ಹೇಳಿ ಅಂತ ಸ್ನೆಡೆಕರ್‌ಗೆ ಬರೆದ್ರು. ಸ್ನೆಡೆಕರ್ ಬರೀ ಗಂಡಸರ ಹೆಸರು ಬರೆದು ಕಾಗದವನ್ನು ಕಾಕ್ಸ್‌ಗೆ ತೋರಿಸಿದ್ರು. ಕಾಕ್ಸ್ ನೇರವಾಗಿ ಕೇಳಿದ್ರು, ನನ್ನ ಹೆಸರು ಎಂತಕ್ಕೆ ಹಾಕ್ಲಿಲ್ಲ ಅಂತ. ಆಗ ಸ್ನೆಡೆಕರ್ ಕೆಳಗೊಂದು ಸಾಲು ಸೇರಿಸಿದ್ರು, ನೀವು ಹೆಂಗಸನ್ನು ಪರಿಗಣಿಸುವುದಾದ್ರೆ ನಾನು ಗರ್ಟ್ರೂಡ್ ಕಾಕ್ಸ್ ಹೆಸರು ಹೇಳ್ತೇನೆ ಅನ್ನುವ ಅರ್ಥದಲ್ಲಿ. ಕೆಲಸ ಸಿಕ್ಕಿದ್ದು ಆ ಸಾಲಿನವರಿಗೆ. ನವೆಂಬರ್ 1940ಕ್ಕೆ ಸೇರಿದ್ರು, ಆ ಕಾಲೇಜಿನ ಮೊದಲ ಮಹಿಳಾ ಫುಲ್ ಪ್ರೊಫೆಸರ್, ಮೊದಲ ಮಹಿಳಾ ವಿಭಾಗ ಮುಖ್ಯಸ್ಥೆ.

ಈ ಕತೆ ಹೇಳುವಾಗ ಎಲ್ಲರೂ ಸ್ನೆಡೆಕರ್ ಸಾಲು ಸೇರಿಸಿದ್ದನ್ನು ಹೇಳ್ತಾರೆ, ನಂಗೆ ಮುಖ್ಯ ಅನ್ನಿಸುವುದು ಅದಕ್ಕಿಂತ ಮೊದಲು ಕಾಕ್ಸ್ ಕೇಳಿದ ಪ್ರಶ್ನೆ. ದಿನಾ ಜೊತೆಗೆ ಕೆಲಸ ಮಾಡುವ, ಒಳ್ಳೆ ಮನಸ್ಸಿನ ಗುರುವಿಗೇ ಅವರ ಹೆಸರು ಹೊಳೀಲಿಲ್ಲ ಅಂದ್ರೆ ಉಳಿದವರಿಗೆ ಹೊಳೆಯುವುದುಂಟಾ? ಕೇಳದೆ ಸುಮ್ಮನೆ ಇದ್ದಿದ್ರೆ ಮುಂದಿನ 20 ವರ್ಷದ ಕೆಲಸ ಯಾವುದೂ ಆಗ್ತಿರ್ಲಿಲ್ಲ. ನನ್ನ ಹತ್ರ ಓದುವ ಹುಡುಗಿಯರಿಗೆ ಈ ಭಾಗವನ್ನು ನಾನು ಬಿಡದೆ ಹೇಳ್ತೇನೆ.

## ಕೆಲಸದ ಬಗ್ಗೆ

ಪ್ರಯೋಗ ವಿನ್ಯಾಸ ಅಂದ್ರೆ ಎಂತ? ಗದ್ದೆ ಭಾಷೆಯಲ್ಲಿ ಹೇಳಿ

ಗದ್ದೆ ಭಾಷೆಯಲ್ಲೇ ಹೇಳುವ, ಯಾಕೆಂದ್ರೆ ಇದು ಹುಟ್ಟಿದ್ದೇ ಗದ್ದೆಯಲ್ಲಿ. ನಮ್ಮಲ್ಲಿ ಬೆಟ್ಟು, ಮಜಲು, ಬೈಲು ಅಂತ ಮೂರು ಥರದ ಗದ್ದೆ. ಬೆಟ್ಟಿನಲ್ಲಿ ನೀರು ನಿಲ್ಲುವುದಿಲ್ಲ, ಬೈಲಿನಲ್ಲಿ ನೀರು ಧಾರಾಳ, ಮಣ್ಣಿನ ಗುಣವೇ ಬೇರೆ ಬೇರೆ. ಈಗ ನಿಮ್ಮ ಹತ್ರ ಎರಡು ಭತ್ತದ ತಳಿ ಉಂಟು, ಏಣೆಲಿಗೆ (ಮಳೆಗಾಲದ ಬೆಳೆಗೆ) ಒಂದನ್ನು ಬೈಲಿನಲ್ಲಿ ಇನ್ನೊಂದನ್ನು ಬೆಟ್ಟಿನಲ್ಲಿ ಹಾಕಿ, ಬೈಲಿನದ್ದು ಜಾಸ್ತಿ ಬಂತು ಅಂತ ಇಟ್ಟುಕೊಳ್ಳಿ. ಗೆದ್ದದ್ದು ತಳಿಯಾ, ಬೈಲಾ? ಎಷ್ಟು ದೊಡ್ಡ ಕಂಪ್ಯೂಟರ್ ತಂದ್ರೂ ಇದಕ್ಕೆ ಉತ್ತರ ಬರುವುದಿಲ್ಲ, ಎರಡೂ ಒಂದಕ್ಕೊಂದು ಅಂಟಿಕೊಂಡಾಗಿದೆ.

ಹಾಗಾಗಿ ಮೂರು ಸಂಗತಿ ಮಾಡ್ಬೇಕು. ಬೆಟ್ಟು ಒಂದು ಬ್ಲಾಕ್, ಮಜಲು ಒಂದು, ಬೈಲು ಒಂದು ಅಂತ ಮಾಡಿ ಪ್ರತಿ ಬ್ಲಾಕಿನಲ್ಲೂ ಎಲ್ಲ ತಳಿಯನ್ನೂ ಹಾಕುವುದು, ಆಗ ಹೋಲಿಕೆ ಒಂದೇ ಥರದ ಮಣ್ಣಿನೊಳಗೆ ನಡೀತದೆ. ಬ್ಲಾಕಿನೊಳಗೆ ಯಾವ ತುಂಡಿಗೆ ಯಾವ ತಳಿ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನ ಮಾಡುವುದು, ನಮ್ಮ ಕಣ್ಣಿಗೆ ಒಳ್ಳೇದು ಕಂಡ ಜಾಗಕ್ಕೆ ನಮಗಿಷ್ಟದ ತಳಿ ಹೋಗದ ಹಾಗೆ. ಮತ್ತೆ ಒಂದು ಸಲ ಅಲ್ಲ, ಹಲವು ಸಲ ಮಾಡುವುದು, ಒಂದೇ ತಳಿ ಸುಮ್ಮನೆ ಎಷ್ಟು ಹೆಚ್ಚು ಕಮ್ಮಿ ಆಗ್ತದೆ ಅಂತ ಗೊತ್ತಾಗ್ಲಿಕ್ಕೆ. ಬ್ಲಾಕಿಂಗ್, ರ‍್ಯಾಂಡಮೈಸೇಶನ್, ರೆಪ್ಲಿಕೇಶನ್, ಇದಿಷ್ಟು ಅಡಿಪಾಯ.

ಇದೆಲ್ಲ ಫಿಶರ್ ಮಾಡಿದ್ದಲ್ವಾ? ಕಾಕ್ಸ್ ಹೊಸತಾಗಿ ಎಂತ ಮಾಡಿದ್ರು?

ಅಡಿಪಾಯ ಬ್ರಿಟನ್ನಿನ ಸ್ಟ್ಯಾಟಿಸ್ಟಿಶಿಯನ್ ರೊನಾಲ್ಡ್ ಫಿಶರ್ ಅವರದ್ದೇ, ಅದರಲ್ಲಿ ಎರಡು ಮಾತಿಲ್ಲ. 1919ರಿಂದ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಅವರು ಕಟ್ಟಿದ ವಿದ್ಯೆ ಇದು, 1931 ಮತ್ತು 1936ರ ಬೇಸಗೆಯಲ್ಲಿ ಏಮ್ಸ್‌ಗೂ ಬಂದು ಪಾಠ ಮಾಡಿದ್ರು. ಆದ್ರೆ ಫಿಶರ್ ಬರೆದದ್ದನ್ನು ಓದಿ ಸಾಮಾನ್ಯ ಕೃಷಿ ವಿಜ್ಞಾನಿ ಮರುದಿನ ಗದ್ದೆಗೆ ಇಳಿಯುವ ಹಾಗಿರ್ಲಿಲ್ಲ, ತುಂಬ ಬಿಗಿಯಾದ ಬರವಣಿಗೆ. ಕಾಕ್ಸ್ ಕ್ಲಾಸಿನಲ್ಲಿ ಥಿಯರಿಯಿಂದ ಶುರು ಮಾಡ್ತಿರ್ಲಿಲ್ಲ, ನಿಜವಾಗಿ ನಡೆದ ಪ್ರಯೋಗ ಒಂದನ್ನು ಮುಂದಿಟ್ಟು ಅದರಿಂದ ಶುರು. ಏಮ್ಸ್‌ನಲ್ಲಿ ಅವರ ಮುಖ್ಯ ಕೆಲಸವೇ ಬೇರೆ ವಿಭಾಗದ ವಿಜ್ಞಾನಿಗಳ ಜೊತೆ ಕೂತು, ಅವರ ಪ್ರಯೋಗಕ್ಕೆ ಹೊಂದುವ ಪ್ಲಾನ್ ಮಾಡಿಕೊಡುವುದು.

ಅವರು ಹೊಸ ಸೂತ್ರ ಎಷ್ಟು ಕಂಡುಹಿಡಿದ್ರು ಅಂತ ಲೆಕ್ಕ ಹಾಕಿದ್ರೆ ಕಮ್ಮಿಯೇ ಕಾಣ್ಬಹುದು. ಆದ್ರೆ ಸ್ಟ್ಯಾಟಿಸ್ಟಿಶಿಯನ್ ಅನ್ನುವವನು ಬೆಳೆ ಕೊಯ್ದ ಮೇಲೆ ಬರುವವನಲ್ಲ, ಬಿತ್ತುವ ಮೊದಲು ಕೂತು ಮಾತಾಡ್ಬೇಕಾದವನು ಅನ್ನುವುದನ್ನು ಒಂದು ಪದ್ಧತಿಯಾಗಿ, ವಿಭಾಗವಾಗಿ, ಸಂಬಳದ ಹುದ್ದೆಯಾಗಿ ಮಾಡಿದ್ದು ಇವರು. ನನ್ನ ಪ್ರಕಾರ ಅದು ಸೂತ್ರಕ್ಕಿಂತ ಸಣ್ಣದಲ್ಲ.

ನಾರ್ತ್ ಕ್ಯಾರೊಲಿನಾದಲ್ಲಿ ಏನೆಲ್ಲ ಕಟ್ಟಿದ್ರು?

ಹೋದಾಗ ಇದ್ದದ್ದು ಒಂದು ಹೊಸ ವಿಭಾಗ. ರಾಕ್‌ಫೆಲರ್ ಹಣದ ಜನರಲ್ ಎಜುಕೇಶನ್ ಬೋರ್ಡಿನ ಸಹಾಯ ತಂದು 1944ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಸ್ಟ್ಯಾಟಿಸ್ಟಿಕ್ಸ್ ಕಟ್ಟಿದ್ರು, ಅವರ ಕಾಲೇಜಿದ್ದ ರಾಲಿಯಲ್ಲಿ ಪ್ರಯೋಗದ ಕಡೆ, ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿ ಇರುವ ಚಾಪೆಲ್ ಹಿಲ್‌ನಲ್ಲಿ ಥಿಯರಿ ಕಡೆ. 1946ರಲ್ಲಿ ಚಾಪೆಲ್ ಹಿಲ್‌ಗೆ ಹೆರಾಲ್ಡ್ ಹೋಟೆಲಿಂಗ್ ಬಂದ್ರು, ಅದೇ ವರ್ಷ ರಾಲಿಗೆ ಕಾಕ್ರನ್. 1949ರಲ್ಲಿ ಚಾಪೆಲ್ ಹಿಲ್‌ನ ಪಬ್ಲಿಕ್ ಹೆಲ್ತ್ ಸ್ಕೂಲಿನಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ವಿಭಾಗ. ಇದರ ಜೊತೆಗೇ 1945ರಿಂದ 1955ರವರೆಗೆ ಬಯೋಮೆಟ್ರಿಕ್ಸ್ ಪತ್ರಿಕೆಯ ಎಡಿಟರ್, 1947ರಲ್ಲಿ ವುಡ್ಸ್ ಹೋಲ್‌ನಲ್ಲಿ ಹುಟ್ಟಿದ ಬಯೋಮೆಟ್ರಿಕ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರು.

ಸ್ವಂತ ಪೇಪರ್ ಬರೀಲಿಕ್ಕೆ ಇವರಿಗೆ ಸಮಯ ಸಿಕ್ಕಿದ್ದು ಕಮ್ಮಿ. ಅನುದಾನ ತರುವುದು, ಜನ ಹುಡುಕಿ ತರುವುದು, ಅವರಿಗೆ ಜಾಗ ಮಾಡಿಕೊಡುವುದು, ಇದನ್ನು ಆಡಳಿತ ಅಂತ ಬದಿಗೆ ಸರಿಸುವ ಅಭ್ಯಾಸ ನಮ್ಮಲ್ಲಿ ಉಂಟು. ಆ ಇನ್‌ಸ್ಟಿಟ್ಯೂಟಿಂದ ಹೊರಗೆ ಬಂದ ಸ್ಟ್ಯಾಟಿಸ್ಟಿಶಿಯನ್ನರನ್ನು ನೋಡಿದ್ರೆ ಹಾಗೆ ಸರಿಸ್ಲಿಕ್ಕೆ ಮನಸ್ಸು ಬರುವುದಿಲ್ಲ.

ರಿಟೈರ್ ಆದ ಮೇಲೆ?

1960ರಲ್ಲಿ ಕಾಲೇಜು ಬಿಟ್ಟು ಹತ್ತಿರದಲ್ಲೇ ಹೊಸತಾಗಿ ಶುರುವಾದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ವಿಭಾಗದ ಡೈರೆಕ್ಟರ್ ಆದ್ರು. ಈಜಿಪ್ಟ್, ಥಾಯ್ಲೆಂಡ್‌ಗಳಲ್ಲಿ ಸಲಹೆಗಾರರಾಗಿ ಕೆಲಸ ಮಾಡಿದ್ರು. 1975ರಲ್ಲಿ ಅಮೆರಿಕದ ನ್ಯಾಶನಲ್ ಅಕಾಡೆಮಿ ಆಫ್ ಸೈನ್ಸಸ್‌ಗೆ ಆಯ್ಕೆ. ಕಡೆಗೆ ಲ್ಯುಕೇಮಿಯಾ. ನಾರ್ತ್ ಕ್ಯಾರೊಲಿನಾ ಸ್ಟೇಟ್‌ನಲ್ಲಿ ಕಾಕ್ಸ್ ಹಾಲ್ ಅಂತ ಒಂದು ಕಟ್ಟಡ ಇವರ ಹೆಸರಲ್ಲುಂಟು.

ಇದಕ್ಕೂ ನಮ್ಮ ದೇಶಕ್ಕೂ ಸಂಬಂಧ ಉಂಟಾ?

ಗಟ್ಟಿ ಸಂಬಂಧ ಉಂಟು. ಕೋಲ್ಕತ್ತದಲ್ಲಿ ಮಹಾಲನೋಬಿಸ್ ಅವರ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಶುರುವಾದದ್ದು 1931ರಲ್ಲಿ, ಕಾಕ್ಸ್ ಮಾಸ್ಟರ್ಸ್ ಮುಗಿಸಿದ ವರ್ಷವೇ. ಅಲ್ಲಿ ರಾಜ್ ಚಂದ್ರ ಬೋಸ್ ಮತ್ತು ನಾಯರ್ 1939ರಲ್ಲಿ ಪಾರ್ಶಿಯಲಿ ಬ್ಯಾಲೆನ್ಸ್ಡ್ ಬ್ಲಾಕ್ ಡಿಸೈನ್ (ಎಲ್ಲ ತಳಿ ಒಂದು ಬ್ಲಾಕಿನಲ್ಲಿ ಹಿಡಿಯದಾಗ ಬಳಸುವ ವಿನ್ಯಾಸ) ಅನ್ನುವ ದೊಡ್ಡ ಕುಟುಂಬವನ್ನೇ ಕೊಟ್ರು. ಈ ಬೋಸ್ 1949ರಲ್ಲಿ ಚಾಪೆಲ್ ಹಿಲ್ ಸೇರಿದ್ರು, ಮರುವರ್ಷ ಎಸ್.ಎನ್. ರಾಯ್. ಬೋಸ್ ಕೈಕೆಳಗೆ ಅಲ್ಲೇ ಪಿಎಚ್‌ಡಿ ಮಾಡಿದ ಶ್ರೀಖಂಡೆ, ಬೋಸ್ ಮತ್ತು ಪಾರ್ಕರ್ ಮೂವರೂ ಸೇರಿ 1959ರಲ್ಲಿ ಲ್ಯಾಟಿನ್ ಸ್ಕ್ವೇರ್ (ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲಿನಲ್ಲಿ ಒಂದೊಂದು ಅಕ್ಷರ ಒಂದೇ ಸಲ ಬರುವ ಚೌಕ) ಬಗ್ಗೆ ಆಯ್ಲರ್ 1782ರಲ್ಲಿ ಹೇಳಿದ ಊಹೆ ತಪ್ಪು ಅಂತ ತೋರಿಸಿಕೊಟ್ರು.

ಮತ್ತೆ ಸಿ.ಆರ್. ರಾವ್. ಫ್ಯಾಕ್ಟರಿಗಳಲ್ಲಿ ಇವತ್ತಿಗೂ ಬಳಸುವ ಆರ್ಥೊಗೊನಲ್ ಅರೇಗಳು (ಕಮ್ಮಿ ಪ್ರಯೋಗದಲ್ಲಿ ಹಲವು ಅಂಶ ಒಟ್ಟಿಗೆ ಪರೀಕ್ಷಿಸುವ ಕೋಷ್ಟಕಗಳು) ಅವರದ್ದು. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, ಇದು ಹೇಳಿದ್ರೆ ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಹೊಸ ಸುದ್ದಿ.

## ಸ್ವಂತ ಪ್ರಯೋಗ ಮಾಡುವವರಿಗೆ

ಹತ್ತು ಅಡಿಕೆ ಮರಕ್ಕೆ ಹೊಸ ಗೊಬ್ಬರ ಹಾಕಿದೆ, ಇಳುವರಿ ಜಾಸ್ತಿ ಬಂತು. ಪ್ರಯೋಗ ಆಯ್ತಲ್ವಾ?

ಆಗ್ಲಿಲ್ಲ, ಬೇಜಾರು ಮಾಡ್ಬೇಡಿ. ಆ ಹತ್ತು ಮರ ಯಾವುದು? ಹೆಚ್ಚಾಗಿ ಮನೆ ಹತ್ರದ್ದು, ನೀರು ಸಮ ಸಿಗುವುದು, ಮೊದಲೇ ಚಂದ ಇದ್ದದ್ದು. ಆ ವರ್ಷ ಕೊಳೆರೋಗ ಕಮ್ಮಿ ಇತ್ತಾ, ಅದರ ಔಷಧಿ ಬೋರ್ಡೋ ಸಮಯಕ್ಕೆ ಸಿಂಪಡಿಸಿದ್ರಾ, ಇದೂ ಇಳುವರಿಯಲ್ಲಿ ಸೇರಿಕೊಳ್ತದೆ.

ಹೀಗೆ ಮಾಡಿ. ತೋಟವನ್ನು ಒಂದೇ ಥರ ಇರುವ ನಾಲ್ಕೈದು ಭಾಗ ಮಾಡಿ, ತೋಡಿನ ಬದಿ, ಮಧ್ಯ, ಗುಡ್ಡೆ ಬದಿ ಹೀಗೆ. ಪ್ರತಿ ಭಾಗದಲ್ಲಿ ಆರಾರು ಮರದ ಎರಡು ಗುಂಪು, ಚೀಟಿ ಎತ್ತಿ ಒಂದಕ್ಕೆ ಹೊಸ ಗೊಬ್ಬರ, ಇನ್ನೊಂದಕ್ಕೆ ಹಳೇದು. ಎರಡು ಗುಂಪಿನ ಮಧ್ಯೆ ಒಂದು ಸಾಲು ಮರ ಲೆಕ್ಕಕ್ಕೆ ಹಿಡಿಯದೆ ಬಿಡಿ, ಬೇರು ಆಚೆ ಹೋಗಿ ಪಕ್ಕದ ಗೊಬ್ಬರ ತಿಂತದೆ. ಗೊಬ್ಬರ ಹಾಕುವ ಮೊದಲು ಒಂದೆರಡು ವರ್ಷ ಪ್ರತಿ ಗುಂಪಿನ ಇಳುವರಿ ಬರೆದಿಟ್ಟಿದ್ರೆ ಚಿನ್ನದಂಥ ಮಾಹಿತಿ, ಆಮೇಲೆ ಕೋವೇರಿಯನ್ಸ್ ಅನಾಲಿಸಿಸ್ ಮಾಡಿ ಮರದ ಹುಟ್ಟುಗುಣವನ್ನು ಬೇರೆ ಮಾಡ್ಬಹುದು. ತೆಂಗು, ಅಡಿಕೆ, ಗೇರು ಥರದ ಬಹುವರ್ಷದ ಬೆಳೆಗೆ ಇದು ತುಂಬ ಉಪಕಾರ, ಒಂದೊಂದು ಮರಕ್ಕೂ ಅಷ್ಟು ವ್ಯತ್ಯಾಸ ಇರ್ತದೆ.

ಪ್ರಯೋಗ ಶುರು ಮಾಡುವ ಮೊದಲು ಪೇಪರಿನಲ್ಲಿ ಎಂತ ಬರೀಬೇಕು?

ಕಾಕ್ರನ್ ಮತ್ತು ಕಾಕ್ಸ್ ಪುಸ್ತಕದಲ್ಲಿ ಮೂರು ಕೇಳ್ತಾರೆ. ಉದ್ದೇಶ ಏನು, ಅಂದ್ರೆ ಯಾವ ಪ್ರಶ್ನೆಗೆ ಉತ್ತರ ಬೇಕು. ಪ್ರಯೋಗದ ವಿವರ, ಯಾವ ಟ್ರೀಟ್‌ಮೆಂಟು (ಹೋಲಿಸುವ ತಳಿ, ಗೊಬ್ಬರ ಥರದ್ದು), ಎಷ್ಟು ದೊಡ್ಡದು, ಎಲ್ಲಿ ಯಾವುದರ ಮೇಲೆ. ಮತ್ತೆ ಬಂದ ಅಂಕಿಗಳನ್ನು ಹೇಗೆ ವಿಶ್ಲೇಷಣೆ ಮಾಡ್ತೀರಿ ಅನ್ನುವ ರೂಪುರೇಷೆ. ಮೂರನೇದನ್ನು ಮೊದಲೇ ಬರೀಲಿಕ್ಕೆ ಕೂತಾಗ ಡಿಸೈನ್‌ನ ತಪ್ಪೆಲ್ಲ ಎದ್ದು ಬರ್ತದೆ. ಖಾಲಿ ಅನೋವಾ ಟೇಬಲ್ (ಒಟ್ಟು ಏರುಪೇರನ್ನು ಕಾರಣವಾರು ಬೇರೆ ಮಾಡುವ ಪಟ್ಟಿ) ಹಾಕಿ ಡಿಗ್ರಿ ಆಫ್ ಫ್ರೀಡಂ (ಪ್ರತಿ ಕಾರಣಕ್ಕೆ ಸಿಗುವ ಸ್ವತಂತ್ರ ಹೋಲಿಕೆಗಳ ಸಂಖ್ಯೆ) ತುಂಬಿಸಿ ನೋಡಿ, ಎರರ್‌ಗೆ (ಕಾರಣ ಗೊತ್ತಿಲ್ಲದ ಏರುಪೇರಿಗೆ) ಎರಡೋ ಮೂರೋ ಮಾತ್ರ ಉಳಿದ್ರೆ ಅಲ್ಲೇ ನಿಲ್ಲಿಸಿ ಪ್ಲಾನ್ ಬದಲಾಯಿಸಿ.

ನೀರಾವರಿ ಮತ್ತು ಗೊಬ್ಬರ ಎರಡೂ ಉಂಟು. 12 ಟ್ರೀಟ್‌ಮೆಂಟ್ ಅಂತ ಆರ್‌ಬಿಡಿ (ರ‍್ಯಾಂಡಮೈಸ್ಡ್ ಬ್ಲಾಕ್ ಡಿಸೈನ್) ಮಾಡಿದ್ರೆ ಸಾಕಲ್ವಾ?

ನೀರನ್ನು ಹೇಗೆ ಹಂಚಿದ್ದೀರಿ ಅನ್ನುವುದರ ಮೇಲೆ ಹೋಗ್ತದೆ. 3 ಥರದ ನೀರಾವರಿ, 4 ಥರದ ಗೊಬ್ಬರ, 4 ರೆಪ್ಲಿಕೇಶನ್ ಅಂತ ಇಟ್ಟುಕೊಳ್ಳಿ. ಡ್ರಿಪ್ ಲೈನ್ ಸಣ್ಣ ಸಣ್ಣ ತುಂಡಿಗೆ ಬೇರೆ ಬೇರೆ ಎಳೀಲಿಕ್ಕಾಗುವುದಿಲ್ಲ ಅಂತ ದೊಡ್ಡ ತುಂಡಿಗೆ ನೀರು, ಅದರೊಳಗಿನ ಸಣ್ಣ ತುಂಡುಗಳಿಗೆ ಗೊಬ್ಬರ ಹಾಕಿದ್ರೆ ಅದು ಸ್ಪ್ಲಿಟ್ ಪ್ಲಾಟ್. ಆರ್‌ಬಿಡಿ ಅಂತ ಲೆಕ್ಕ ಹಾಕಿದ್ರೆ ಎರರ್‌ಗೆ 33 ಡಿಗ್ರಿ ಆಫ್ ಫ್ರೀಡಂ ಕಾಣ್ತದೆ. ನಿಜದಲ್ಲಿ ಆ 33 ಎರಡು ಪಾಲು, ದೊಡ್ಡ ತುಂಡಿನ ಎರರ್‌ಗೆ 6, ಸಣ್ಣ ತುಂಡಿನದ್ದಕ್ಕೆ 27. ನೀರಾವರಿಯನ್ನು ಆ 6ರ ಎದುರು ಪರೀಕ್ಷೆ ಮಾಡ್ಬೇಕು, 33ರ ಎದುರು ಮಾಡಿದ್ರೆ ಇಲ್ಲದ ವ್ಯತ್ಯಾಸ ಉಂಟು ಅಂತ ಬರುವ ಅಪಾಯ. ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ನಾನು ಮೊದಲು ಹುಡುಕುವುದೇ ಇದನ್ನು.

25 ತಳಿ ಉಂಟು, ಒಂದು ಬ್ಲಾಕಿನಲ್ಲಿ ಹಿಡಿಯುವುದಿಲ್ಲ, ಎಂತ ಮಾಡುವುದು?

25 ತುಂಡು ಒಂದೇ ಥರದ ಮಣ್ಣಿನಲ್ಲಿ ಸಿಗುವುದು ಕರಾವಳಿಯ ಸಣ್ಣ ಗದ್ದೆಗಳಲ್ಲಿ ಕಷ್ಟವೇ. ಇದಕ್ಕೆ ಲ್ಯಾಟಿಸ್ ಡಿಸೈನ್, 1936ರಲ್ಲಿ ಫ್ರ್ಯಾಂಕ್ ಯೇಟ್ಸ್ ಕೊಟ್ಟದ್ದು. 25ನ್ನು 5 ತಳಿಯ 5 ಸಣ್ಣ ಬ್ಲಾಕ್ ಮಾಡಿ, ಪ್ರತಿ ರೆಪ್ಲಿಕೇಶನ್‌ನಲ್ಲಿ ಜೊತೆಗಾರರನ್ನು ಬದಲಾಯಿಸ್ತಾ ಹೋಗುವುದು. 6 ರೆಪ್ಲಿಕೇಶನ್ ಮಾಡಿದ್ರೆ ಯಾವ ಎರಡು ತಳಿ ತಗೊಂಡ್ರೂ ಅವು ಒಂದೇ ಒಂದು ಸಲ ಒಂದೇ ಬ್ಲಾಕಿನಲ್ಲಿ ಸಿಗ್ತಾವೆ, ಪೂರ್ತಿ ಬ್ಯಾಲೆನ್ಸ್. ಅಯೋವಾದ ಮೆಕ್ಕೆಜೋಳದ ತಳಿಗಳ ಪ್ರಯೋಗಕ್ಕೆ ಇದನ್ನು ಹೇಗೆ ಬಳಸುವುದು ಅಂತ ಕಾಕ್ಸ್, ಎಕ್‌ಹಾರ್ಟ್ ಮತ್ತು ಕಾಕ್ರನ್ 1940ರಲ್ಲಿ ಒಂದು ಬುಲೆಟಿನ್ ಬರೆದ್ರು. ಕೈಯಲ್ಲೇ ಮಾಡುವ ಹಾಗೆ ಹಂತ ಹಂತವಾಗಿ ಬಿಡಿಸಿ ಹೇಳುವ ಅವರ ಕ್ರಮ ಆಮೇಲೆ ಪುಸ್ತಕದ ತುಂಬ ಕಾಣ್ತದೆ.

ಒಂದು ಪ್ಲಾಟ್ ಹಂದಿ ತಿಂದು ಹಾಕಿತು. ಇಡೀ ಪ್ರಯೋಗ ಹಾಳಾಯ್ತಾ?

ಇಲ್ಲ. ರ‍್ಯಾಂಡಮೈಸ್ಡ್ ಬ್ಲಾಕ್ ಆಗಿದ್ರೆ ಹೋದ ಅಂಕಿಗೆ ಅಂದಾಜು ಹಾಕ್ಲಿಕ್ಕೆ ಹಳೇ ಸೂತ್ರ ಉಂಟು. ಆ ಬ್ಲಾಕಿನಲ್ಲಿ ಉಳಿದದ್ದರ ಮೊತ್ತವನ್ನು ಬ್ಲಾಕುಗಳ ಸಂಖ್ಯೆಯಿಂದ ಗುಣಿಸಿ, ಆ ಟ್ರೀಟ್‌ಮೆಂಟಿನಲ್ಲಿ ಉಳಿದದ್ದರ ಮೊತ್ತವನ್ನು ಟ್ರೀಟ್‌ಮೆಂಟುಗಳ ಸಂಖ್ಯೆಯಿಂದ ಗುಣಿಸಿ, ಎರಡನ್ನೂ ಕೂಡಿಸಿ, ಅದರಿಂದ ಇರುವ ಎಲ್ಲ ಅಂಕಿಗಳ ಮೊತ್ತ ಕಳೀರಿ. ಬಂದದ್ದನ್ನು ಬ್ಲಾಕುಗಳಿಗಿಂತ ಒಂದು ಕಮ್ಮಿ, ಟ್ರೀಟ್‌ಮೆಂಟುಗಳಿಗಿಂತ ಒಂದು ಕಮ್ಮಿ, ಈ ಎರಡರ ಗುಣಲಬ್ಧದಿಂದ ಭಾಗಿಸಿ. ಎರರ್ ಡಿಗ್ರಿ ಆಫ್ ಫ್ರೀಡಂನಲ್ಲಿ ಒಂದು ಕಳೀಲಿಕ್ಕೆ ಮರೀಬೇಡಿ, ಅದು ನಿಜವಾದ ಅಂಕಿ ಅಲ್ಲ. ಮತ್ತೊಂದು ಮಾತು, ಹಂದಿಗೆ ಆ ತಳಿಯೇ ರುಚಿ ಅಂತ ಅದನ್ನೇ ಹುಡುಕಿ ತಿಂದದ್ದಾದ್ರೆ ಈ ಸೂತ್ರ ಹಾಕುವ ಹಾಗಿಲ್ಲ, ನಷ್ಟಕ್ಕೂ ಟ್ರೀಟ್‌ಮೆಂಟಿಗೂ ಸಂಬಂಧ ಇಲ್ಲದಿದ್ರೆ ಮಾತ್ರ.

ಕಾಕ್ರನ್-ಕಾಕ್ಸ್ ಪುಸ್ತಕ ಈಗಲೂ ಓದ್ಬೇಕಾ? ಸಾಫ್ಟ್‌ವೇರ್ ಎಲ್ಲ ಮಾಡ್ತದಲ್ಲ

ಕೈಲೆಕ್ಕದ ಭಾಗ ಬೇಡ, ಅದನ್ನು ದಾಟಿ ಹೋಗಿ. 1957ರ ಎರಡನೇ ಆವೃತ್ತಿ ಸಿಕ್ಕಿದ್ರೆ ಒಳ್ಳೇದು, ಫ್ರ್ಯಾಕ್ಶನಲ್ ಫ್ಯಾಕ್ಟೋರಿಯಲ್ (ಎಲ್ಲ ಜೋಡಣೆ ಮಾಡದೆ ಒಂದು ಪಾಲು ಮಾತ್ರ ಮಾಡುವುದು) ಮತ್ತು ರೆಸ್ಪಾನ್ಸ್ ಸರ್ಫೇಸ್ (ಅತಿ ಒಳ್ಳೆ ಪ್ರಮಾಣ ಹುಡುಕುವುದು) ಅಧ್ಯಾಯಗಳು ಅದರಲ್ಲಿ ಸೇರಿದ್ದು. ಶುರುವಿನ ಎರಡು ಅಧ್ಯಾಯವನ್ನಂತೂ ಬಿಡ್ಬೇಡಿ. ಪ್ರತಿ ಡಿಸೈನಿಗೂ ಇದು ಯಾವಾಗ ಬೇಕು, ಯಾವಾಗ ಬೇಡ ಅಂತ ಅವರು ಬರೆದದ್ದನ್ನು ಯಾವ ಸಾಫ್ಟ್‌ವೇರಿನ ಮೆನುವೂ ಹೇಳುವುದಿಲ್ಲ.

4 ರೆಪ್ಲಿಕೇಶನ್ ಸಾಕಾ? ಎಲ್ರೂ ಅಷ್ಟೇ ಮಾಡ್ತಾರೆ

ಎಷ್ಟು ಸಣ್ಣ ವ್ಯತ್ಯಾಸ ಹಿಡೀಬೇಕು ಅಂತ ಮೊದಲು ಹೇಳಿ. ಪುಸ್ತಕದ ಎರಡನೇ ಅಧ್ಯಾಯದಲ್ಲಿ ಇದಕ್ಕೇ ಟೇಬಲ್ ಉಂಟು, ಮೂರು ಸಂಗತಿ ಬೇಕು, ಪ್ಲಾಟಿಂದ ಪ್ಲಾಟಿಗೆ ಸಹಜ ಏರುಪೇರು, ಹಿಡೀಬೇಕಾದ ವ್ಯತ್ಯಾಸ, ಹಿಡಿಯುವ ಸಂಭವ ಎಷ್ಟಿರ್ಬೇಕು ಅನ್ನುವುದು. ಉದಾಹರಣೆಗೆ ಕೋಎಫಿಶಿಯೆಂಟ್ ಆಫ್ ವೇರಿಯೇಶನ್ (ಆ ಸಹಜ ಏರುಪೇರು, ಸರಾಸರಿಯ ಶೇಕಡಾ ಲೆಕ್ಕದಲ್ಲಿ) ಶೇಕಡಾ 12, ಹಿಡೀಬೇಕಾದ ವ್ಯತ್ಯಾಸ ಶೇಕಡಾ 15, ಶೇಕಡಾ 5ರ ಮಟ್ಟದಲ್ಲಿ 80ರಷ್ಟು ಸಂಭವ ಬೇಕು ಅಂತಾದ್ರೆ, 12ನ್ನು 15ರಿಂದ ಭಾಗಿಸಿ ವರ್ಗ ಮಾಡಿದ್ರೆ 0.64, ಅದಕ್ಕೆ 2 ಮತ್ತು 7.84 (ಈ 5 ಮತ್ತು 80ರಿಂದ ಬರುವ ಅಂಕಿ) ಗುಣಿಸಿದ್ರೆ 10 ದಾಟ್ತದೆ. ಅಂದ್ರೆ ಕಡಿಮೆ ಅಂದ್ರೂ 11 ರೆಪ್ಲಿಕೇಶನ್, ಟ್ರೀಟ್‌ಮೆಂಟ್ ಕಮ್ಮಿ ಇದ್ರೆ ಇನ್ನೂ ಒಂದೆರಡು ಜಾಸ್ತಿ. ಇದೇ ಗದ್ದೆಯಲ್ಲಿ 4 ಮಾತ್ರ ಮಾಡಿದ್ರೆ ಅದೇ ಸಂಭವದಲ್ಲಿ ಕೈಗೆ ಸಿಗುವುದು ಹೆಚ್ಚುಕಮ್ಮಿ ಶೇಕಡಾ 24ರಷ್ಟು ದೊಡ್ಡ ವ್ಯತ್ಯಾಸ ಮಾತ್ರ. ಹಾಗಾಗಿ 4 ರೆಪ್ಲಿಕೇಶನ್ ಮಾಡಿ "ವ್ಯತ್ಯಾಸ ಇಲ್ಲ" ಅಂತ ರಿಪೋರ್ಟಿನಲ್ಲಿ ಬರೀಬೇಡಿ, ಈ ಪ್ರಯೋಗಕ್ಕೆ ಎಷ್ಟು ಸಣ್ಣದನ್ನು ಕಾಣುವ ಶಕ್ತಿ ಇತ್ತು ಅಂತ ಆ ಅಂಕಿಯನ್ನೂ ಪಕ್ಕದಲ್ಲೇ ಬರೀರಿ.